ನಲವತ್ತು ದಿನದ ನೆಂಟರು

ನಮ್ಮೂರಿನಲ್ಲಿ ದ್ರಾಕ್ಷಿ ಹಿಂಡಿದ ದಿನದಿಂದ ನಲವತ್ತು ದಿನ ಯಾರೂ ಜಗಳವಾಡುವುದಿಲ್ಲ. ಪೀಪಾಯಿಯಲ್ಲಿ ರಸ ಹುದುಗುತ್ತಿರುವಾಗ ಮನೆಯೊಳಗೆ ಏನು ನಡೆಯುತ್ತದೋ ಅದು ರುಚಿಯಾಗಿ ಅದರಲ್ಲಿ ಕೂತುಬಿಡುತ್ತದೆ. ಐದು ವರ್ಷ ಬಿಟ್ಟು ಬಿರಡೆ ತೆಗೆದರೂ ಅತ್ತೆ ಸೊಸೆಗೆ ಏನಂದಿದ್ದಳು ಎಂಬುದು ಕುಡಿದವರ ನಾಲಿಗೆಗೆ ಮೊದಲ ಗುಟುಕಿಗೇ ಗೊತ್ತಾಗುತ್ತದೆ. ಹೀಗಾಗಿ ಆ ದಿನಗಳಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರು ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಾರೆ, ಗಂಡಂದಿರು ಹೆಂಡತಿಯ ಅಡುಗೆ ಹೊಗಳುತ್ತಾರೆ, ನ್ಯಾಯಾಲಯದಲ್ಲಿ ಪಾಲು ಕೇಳಿದ ಖಟ್ಲೆಗಳೆಲ್ಲ ಮುಂದಕ್ಕೆ ಹೋಗುತ್ತವೆ. ನಲವತ್ತೊಂದನೆಯ ದಿನ ಬೆಳಿಗ್ಗೆ ಬಿರಡೆ ಬಡಿದ ಸದ್ದು ನಿಂತಿತೋ ಇಲ್ಲವೋ, ಓಣಿ ಓಣಿಯಲ್ಲೂ ಕೂಗಾಟ. ಆ ದಿನ ನಮ್ಮ ದವಾಖಾನೆಯಲ್ಲಿ ತಲೆಗೆ ಕಟ್ಟುವ ಬಟ್ಟೆಯನ್ನು ಮೊದಲೇ ಕತ್ತರಿಸಿ ಇಟ್ಟಿರುತ್ತಾರೆ.

ಆದರೆ ಬಾಯಿ ಬಿಗಿಹಿಡಿದರೆ ಸಾಲದು. ಬಿಗಿಹಿಡಿದ ಬಾಯಿಯೂ ವೈನಿನಲ್ಲಿ ಬರುತ್ತದೆ. ಹೆಡ್‌ಮಾಸ್ತರರ ಮನೆಯವರು ನಲವತ್ತು ದಿನವೂ ಬೆಳಗಿನಿಂದ ಬೈಗಿನವರೆಗೆ ಭಜನೆ ಮಾಡಿದರು, ಅವರ ವೈನು ಸೀಮೆಸುಣ್ಣದ ರುಚಿ ಕೊಟ್ಟಿತು. ಹೂಗಾರ ಓಣಿಯಲ್ಲಿ ಇಬ್ಬರು ಮುದುಕಿಯರಿದ್ದಾರೆ, ಅಕ್ಕತಂಗಿಯರು. ಹುಟ್ಟಿದಾಗಿನಿಂದ ಒಬ್ಬರನ್ನೊಬ್ಬರು ಬೈದುಕೊಂಡೇ ಬದುಕಿದವರು, ಹಿಂಡುವ ತಿಂಗಳಾದರೂ ಬಿಡುವವರಲ್ಲ. ಅವರ ವೈನು ಗಂಟಲಲ್ಲಿ ಪಟಾಕಿಯ ಹಾಗೆ ಸಿಡಿದು ನಗು ತರಿಸುತ್ತದೆ. ಊರಿನ ದೊಡ್ಡವರೆಲ್ಲ ಅದನ್ನು ಹಿತ್ತಿಲ ಬಾಗಿಲಿನಿಂದ ತರಿಸಿ ಕುಡಿಯುತ್ತಾರೆ. ಮುಂಬಾಗಿಲಿನಲ್ಲಿ ಅದರ ಹೆಸರೆತ್ತುವುದಿಲ್ಲ.

ಹೀಗಿರುವ ಊರಿನಲ್ಲಿ ರುಚಿ ಮಂಡಳಿ ಯಾಕೆ ಬೇಕು ಎಂದು ಹೊರಗಿನವರು ಕೇಳುತ್ತಾರೆ. ನಾಲಿಗೆಗೆ ತಿಳಿದದ್ದನ್ನು ಸಭೆಯಲ್ಲಿ ಹೇಳಲಾಗದು, ಅದಕ್ಕೇ ಬೇಕು. ಮಂಡಳಿಯ ಐವರು ಪಂಡಿತರು ವೈನನ್ನು ಬೆಳಕಿಗೆ ಹಿಡಿದು, ಮೂಸಿ, ಬಾಯಲ್ಲಿ ಹೊರಳಿಸಿ, ಹಿತ್ತಾಳೆಯ ಪೀಕದಾನಿಗೆ ಉಗುಳಿ, ಮನೆಯವರಿಗೆ ನೋವಾಗದ ಮಾತೊಂದನ್ನು ಹುಡುಕಿ ಕೊಡುತ್ತಾರೆ. ಹೊಟ್ಟೆಕಿಚ್ಚಿಗೆ ಅವರು ಚುರುಕು ಎನ್ನುತ್ತಾರೆ. ಜಿಪುಣತನಕ್ಕೆ ಸಂಯಮ. ಗಂಡ ಹೆಂಡತಿ ಬೇರೆ ಬೇರೆ ಕೋಣೆಯಲ್ಲಿ ಮಲಗುವ ಮನೆಯಾದರೆ ತಂಪಾದ ಅಂತರ. ನಾನು ಇಪ್ಪತ್ತೆರಡು ವರ್ಷ ಆ ಮಂಡಳಿಯಲ್ಲಿ ಬರೆದುಕೊಳ್ಳುವವನಾಗಿದ್ದೆ. ಅವರು ಹೇಳಿದ ಒಂದು ಮಾತನ್ನೂ ನಾನು ಬಿಟ್ಟಿಲ್ಲ. ಬಿಡಬೇಕಾದ ಒಂದು ಮಾತನ್ನೂ ಬಿಡಲಿಲ್ಲ. ಅದನ್ನೇ ಈಗ ಹೇಳಹೊರಟಿದ್ದೇನೆ.

ಕಾಶವ್ವ ನನ್ನ ಪಕ್ಕದ ಮನೆಯವಳು. ಅವಳ ಮನೆಗೂ ನನ್ನ ಮನೆಗೂ ನಡುವೆ ಒಂದೇ ಮಣ್ಣಿನ ಗೋಡೆ, ಹಿತ್ತಿಲಿನಲ್ಲಿ ಎದೆಯೆತ್ತರದ ಕಟ್ಟೆ. ಅವಳೂ ಅವಳ ಗಂಡ ಈರಸಂಗನೂ ಸುಣ್ಣ ಬಳಿಯುವವರು. ಅವನು ಏಣಿ ಹತ್ತುತ್ತಿದ್ದ, ಅವಳು ಕೆಳಗೆ ಬಕೆಟ್ ಹಿಡಿದು ಎಲ್ಲಿ ಬಿಟ್ಟೆ ಎಂದು ತೋರಿಸುತ್ತಿದ್ದಳು. ಅವನು ಬೇಕೆಂದೇ ಬಿಡುತ್ತಿದ್ದ, ಅವಳು ಬೈಯಲಿ ಎಂದು. ಅವರ ಸಂಸಾರವೆಂದರೆ ಅದು. ಮದುವೆಯಾದ ಎರಡನೆಯ ವರ್ಷ ಹೆಣ್ಣುಮಗು ಹುಟ್ಟಿತು, ಬಾಳವ್ವ ಎಂದು ಹೆಸರಿಟ್ಟರು. ಆ ಗೋಡೆಯಾಚೆಯಿಂದ ನಗು ಕೇಳಿಸದೆ ಇದ್ದ ದಿನ ನಾನು ಆಗ ಕಂಡದ್ದಿಲ್ಲ.

ಅದೇ ವರ್ಷ ಶಿವಮೂರ್ತೆಪ್ಪ ಧಣಿಗಳ ವಾಡೆಗೆ ಸುಣ್ಣ ಬಳಿಯುವ ಕೆಲಸ ಬಂತು. ಮೂವರು ಅಣ್ಣತಮ್ಮಂದಿರ ಆ ವಾಡೆಯಲ್ಲಿ ನಾಲ್ಕು ಮೆಟ್ಟಿಲ ಸಾಲುಗಳಿವೆ, ಒಬ್ಬರ ಮುಖ ಒಬ್ಬರು ನೋಡದೆ ಮಹಡಿಗೆ ಹೋಗುವುದಕ್ಕೆ. ನಾಲ್ಕನೆಯದು ಅವರ ತಾಯಿಗೆ. ಮೂರು ತಲೆಮಾರಿನಿಂದ ಅವರ ವೈನು ತುಕ್ಕು ಹಿಡಿದ ಬೀಗ ನೆಕ್ಕಿದ ಹಾಗಿತ್ತು. ಪಂಡಿತರು ಅದಕ್ಕೆ ಪರಂಪರೆ ಎಂದು ಹೆಸರಿಟ್ಟು ಸಾಕಾಗಿದ್ದರು. ಆ ಸಲ ರಸ ಪೀಪಾಯಿಗೆ ಬಿದ್ದ ಮೇಲೆ ಮನೆಮಂದಿಯೆಲ್ಲ ದೂರದ ಊರಿನ ಮದುವೆಗೆ ಹೋಗಿ, ಅಲ್ಲಿಯೂ ಜಗಳವಾಡಿ, ತಿಂಗಳಾನುಗಟ್ಟಲೆ ಉಳಿದರು. ವಾಡೆಯಲ್ಲಿ ಇದ್ದವರು ಕಾಶವ್ವ, ಈರಸಂಗ, ತೊಟ್ಟಿಲಲ್ಲಿ ಕೂಸು. ಅವರು ಸುಣ್ಣ ಬಳಿದರು, ಪಡಸಾಲೆಯಲ್ಲಿ ರೊಟ್ಟಿ ಬಡಿದರು, ಮಧ್ಯಾಹ್ನ ಚೌಕಾಬಾರ ಆಡಿದರು. ಅವನು ಕವಡೆ ಕದ್ದ, ಅವಳು ಮನೆ ಅಳಿಸಿದಳು. ಮುಂದಿನ ವರ್ಷ ಆ ವೈನಿನ ಬಿರಡೆ ತೆಗೆದಾಗ ಧಣಿಗಳು ಒಂದು ಗುಟುಕು ಕುಡಿದು ಇದು ಯಾರ ಮನೆಯದು ಎಂದು ಕೇಳಿದರಂತೆ. ತಮ್ಮ ಮನೆಯಲ್ಲಿ ಇಂಥದ್ದು ಆಗಬಹುದೆಂದು ಅವರಿಗೆ ಗೊತ್ತೇ ಇರಲಿಲ್ಲ.

ಅಂದಿನಿಂದ ಪ್ರತಿವರ್ಷ ದ್ರಾಕ್ಷಿ ಹಿಂಡಿದ ದಿನ ಧಣಿಗಳ ಸಂಸಾರ ತೋಟದ ಬಂಗಲೆಗೆ ಹೋಗಿ ಅಲ್ಲಿ ಮನಸಾರೆ ಕಿತ್ತಾಡುತ್ತಿತ್ತು. ಕಾಶವ್ವನೂ ಈರಸಂಗನೂ ಮಗುವನ್ನು ಎತ್ತಿಕೊಂಡು ವಾಡೆ ಸೇರುತ್ತಿದ್ದರು. ಕೇಳಿದವರಿಗೆ ನೆಂಟರು ಬಂದಿದ್ದಾರೆ ಎನ್ನುತ್ತಿದ್ದರು ಕಾರಭಾರಿ ಸೋಮನಿಂಗಪ್ಪ. ಎರಡೇ ವರ್ಷದಲ್ಲಿ ಊರಿನ ಬೇರೆ ದೊಡ್ಡ ಮನೆಗಳಿಗೂ ನೆಂಟರು ಬರತೊಡಗಿದರು. ಎಲ್ಲರ ನೆಂಟರೂ ನಮ್ಮ ಹಂಚಿನ ಮನೆಗಳ ಓಣಿಯ ಕೂಲಿಯವರೇ. ಎಲ್ಲರಿಗೂ ಗೊತ್ತಿತ್ತು, ಯಾರೂ ಅನ್ನಲಿಲ್ಲ. ನೆಂಟರಿಗೆ ನಲವತ್ತು ದಿನದ ಜೋಳ, ಬೇಳೆ, ಚಹಾಪುಡಿ, ಕಡೆಯ ದಿನ ಅವಳಿಗೊಂದು ಸೀರೆ, ಅವನಿಗೊಂದು ರುಮಾಲು. ವೈನು ಮಾತ್ರ ಕೊಡುತ್ತಿರಲಿಲ್ಲ. ಅದು ಧಣಿಗಳ ಮನೆಯ ವೈನಲ್ಲವೇ.

ನಾಲ್ಕನೆಯ ವರ್ಷ ವಾಡೆಯಲ್ಲಿರುವಾಗ, ಹನ್ನೆರಡನೆಯ ದಿನ, ಬಾಳವ್ವನಿಗೆ ಜ್ವರ ಬಂತು. ದವಾಖಾನೆಗೆ ಒಯ್ದರು. ಹದಿನಾಲ್ಕನೆಯ ದಿನ ಹೋಗಿಬಿಟ್ಟಳು. ಮೂರು ವರ್ಷದ ಮಗು. ಮಣ್ಣು ಮಾಡಿ ಬಂದು ಇಬ್ಬರೂ ತಮ್ಮ ಮನೆಯಲ್ಲಿ ಕೂತಿದ್ದಾಗ, ಹದಿನೇಳನೆಯ ದಿನ ಸೋಮನಿಂಗಪ್ಪ ಬಾಳೆಹಣ್ಣಿನ ಗೊನೆ ಹೊರಿಸಿಕೊಂಡು ಬಂದರು. ನಾನು ಅಲ್ಲೇ ಇದ್ದೆ. ಅವರು ತುಂಬ ಮೆದುವಾಗಿ ಮಾತಾಡಿದರು. ಧಣಿಗಳು ಊಟ ಬಿಟ್ಟಿದ್ದಾರೆಂದೂ, ಎಷ್ಟು ದಿನ ಬೇಕೋ ಅಷ್ಟು ದಿನ ಸುಧಾರಿಸಿಕೊಳ್ಳಿರೆಂದೂ ಹೇಳಿದರು. ಆಮೇಲೆ ಚಪ್ಪಲಿ ಮೆಟ್ಟುತ್ತ, ನೆಲ ನೋಡುತ್ತ ಒಂದು ಮಾತು ಸೇರಿಸಿದರು.

"ಏನಿಲ್ಲ, ರಸ ಇನ್ನೂ ಹುದಗಾಕತ್ತೈತಿ, ಅದನ್ನ ನಿಮಗ ತಿಳಸಬೇಕಾತು."

ಅವರು ಹೋದರು. ಗಂಡ ಹೆಂಡತಿ ವಾಡೆಗೆ ಮರಳಿ ಉಳಿದ ಇಪ್ಪತ್ತಮೂರು ದಿನ ನಕ್ಕರು. ಹೇಗೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಅಳುವುದಿದ್ದರೆ ನಲವತ್ತು ದಿನ ಕಳೆದ ಮೇಲೆ ಅತ್ತರಾಯಿತೆಂದುಕೊಂಡಿದ್ದೆವು ಎಂದು ಕಾಶವ್ವ ಎಷ್ಟೋ ವರ್ಷಗಳ ಮೇಲೆ ಹೇಳಿದಳು. ನಲವತ್ತೊಂದನೆಯ ದಿನ ಮನೆಗೆ ಬಂದಾಗ ಅಳು ಬರಲಿಲ್ಲ. ನಗುವೂ ವಾಡೆಯಲ್ಲೇ ಉಳಿದಿತ್ತು. ಆಮೇಲಿನ ವರ್ಷಗಳಲ್ಲಿ ಗೋಡೆಯಾಚೆಯಿಂದ ನನಗೆ ಕೇಳಿಸಿದ್ದು ಪಾತ್ರೆಯ ಸದ್ದು, ಒಲೆ ಊದುವ ಸದ್ದು, ಅಷ್ಟೇ. ಹಿಂಡುವ ಕಾಲ ಬಂದರೆ ಇಬ್ಬರೂ ಒಗೆದ ಬಟ್ಟೆ ಉಟ್ಟು ವಾಡೆಗೆ ಹೋಗಿ ಒಳ್ಳೆಯ ಕಸುಬುದಾರರ ಹಾಗೆ ನಕ್ಕು ಬರುತ್ತಿದ್ದರು.

ನಮ್ಮೂರಿನಲ್ಲಿ ಒಂಬತ್ತು ವರ್ಷಕ್ಕೊಮ್ಮೆ ದೊಡ್ಡ ರುಚಿಸಭೆ ನಡೆಯುತ್ತದೆ. ಬೇರೆ ಬೇರೆ ಬಗೆಯ, ಬೇರೆ ಬೇರೆ ವಯಸ್ಸಿನ ವೈನುಗಳನ್ನು ಒಂದರ ಪಕ್ಕ ಒಂದಿಟ್ಟು ತೂಗಿ, ಗೆದ್ದ ಮನೆಗೆ ಮೇಲ್ಮನೆ ಎಂಬ ಪಟ್ಟ ಕೊಡುತ್ತಾರೆ. ಪಟ್ಟವೆಂದರೆ ಬರೀ ಶಾಲು ಹಾರವಲ್ಲ, ಮುಂದಿನ ಒಂಬತ್ತು ವರ್ಷ ಕಾಲುವೆಯ ಮೊದಲ ನೀರು ಆ ಮನೆಯ ತೋಟಕ್ಕೆ. ಗೆದ್ದ ಬಾಟಲಿಯನ್ನು ಬಿರಡೆಯ ಸಮೇತ ಚಾವಡಿಯ ಗಾಜಿನ ಕಪಾಟಿನಲ್ಲಿ ಇಡಬೇಕು. ಸಭೆಯಲ್ಲಿ ಐವರು ಪಂಡಿತರ ಜೊತೆ ಆರನೆಯ ಕುರ್ಚಿಯೊಂದಿರುತ್ತದೆ. ಅದಕ್ಕೆ ಊರ ನಾಲಿಗೆ ಎಂದು ಹೆಸರು, ಚೀಟಿ ಎತ್ತಿ ಸಾಮಾನ್ಯರಲ್ಲಿ ಒಬ್ಬರನ್ನು ಅದರಲ್ಲಿ ಕೂರಿಸುತ್ತಾರೆ. ಅವರಿಗೆ ಅಂಕ ಕೊಡುವ ಹಕ್ಕಿಲ್ಲ. ಕೊನೆಯಲ್ಲಿ ತಮಗೆ ಬೇಕಾದ ಒಂದು ಬಾಟಲಿ ಮನೆಗೆ ಒಯ್ಯಬಹುದು, ಯಾರೂ ಇಲ್ಲವೆನ್ನುವಂತಿಲ್ಲ. ಹಿಂದಿನ ಸಲ ಕೂತ ಕ್ಷೌರಿಕ, ಧಣಿಗಳು ಕಣ್ಣು ಮಿಟುಕಿಸಿ ತೋರಿಸಿದ ಬಾಟಲಿಯನ್ನೇ ಎತ್ತಿಕೊಂಡಿದ್ದ.

ಈ ಸಲದ ಚೀಟಿಯಲ್ಲಿ ಕಾಶವ್ವನ ಹೆಸರು ಬಂತು. ಓದಿದವನು ನಾನೇ. ಶಿವಮೂರ್ತೆಪ್ಪ ಧಣಿಗಳು ಎದ್ದು ನಿಂತು, ಬಾಯಿ ತೆರೆದು, ಮತ್ತೆ ಕೂತರು. ಅವಳು ನಮ್ಮ ನೆಂಟಳು, ಕೂರಿಸಬೇಡಿ ಎಂದರೆ ಯಾವ ನೆಂಟಸ್ತಿಕೆ ಎಂದು ಕೇಳುತ್ತಾರೆ. ನೆಂಟಳಲ್ಲ ಎಂದರೆ ಒಂಬತ್ತು ವರ್ಷ ವಾಡೆಯಲ್ಲಿ ಯಾರಿದ್ದರು ಎಂದು ಕೇಳುತ್ತಾರೆ. ಅವರು ಶಾಲು ಸರಿಮಾಡಿಕೊಂಡು ತಾಯಿಯಂಥವಳು, ಕೂರಲಿ ಎಂದರು.

ಕಾಶವ್ವ ಕುರ್ಚಿಯ ತುದಿಯಲ್ಲಿ ಕೂತಳು. ಈರಸಂಗ ಹಿಂದೆ ಜನರ ನಡುವೆ ಕಂಬಕ್ಕೆ ಒರಗಿ ನಿಂತಿದ್ದ. ಮೊದಲು ಬಿಳಿ ವೈನುಗಳು ಬಂದವು. ಡಾಕ್ಟರರ ಮನೆಯದನ್ನು ಹಿರಿಯ ಪಂಡಿತ ಪದ್ಮಾಕರ ರಾಯರು ಮೂಸಿ, ನಿಂಬೆಸಿಪ್ಪೆಯ ಅಂಚು, ಎಚ್ಚರದ ನಡಿಗೆ ಎಂದರು. ಕಾಶವ್ವ ಕುಡಿದು, ಬಾಗಿಲ ಸಂದಿಯಿಂದ ಯಾರೋ ಹೆಂಡತಿಯನ್ನು ಕದ್ದು ನೋಡಿದ ಹಾಗಿದೆ ಎಂದಳು. ಡಾಕ್ಟರರ ಹೆಂಡತಿ ಗಂಡನ ಕಡೆ ತಿರುಗಿದರು. ರಾಯರು ಕೆಮ್ಮಿ, ಊರ ನಾಲಿಗೆ ಕೊನೆಯಲ್ಲಷ್ಟೇ ಮಾತಾಡಬೇಕೆಂದು ಮೆಲ್ಲಗೆ ತಿಳಿಸಿದರು. ಆಮೇಲೆ ದಾಲ್ ಮಿಲ್ಲಿನವರ ಸಿಹಿ ವೈನು, ಒಣದ್ರಾಕ್ಷಿಯದು. ನಾಲಿಗೆಯ ತುದಿಯಲ್ಲಿ ಜೇನು, ನುಂಗಿದ ಮೇಲೆ ಉಪವಾಸ ಕೆಡವಿದ ಆಳಿನ ಹೊಟ್ಟೆಯುರಿ. ದೀರ್ಘ ಕಾಲ ಉಳಿಯುವ ಕೊನೆ ಎಂದು ಬರೆದುಕೊಂಡೆ. ಪಂಡಿತರು ಎಲ್ಲವನ್ನೂ ಪೀಕದಾನಿಗೆ ಉಗುಳಿದರು. ಕಾಶವ್ವನಿಗೂ ಒಂದು ಪೀಕದಾನಿ ಇಟ್ಟಿದ್ದರು. ಬಾಯಿಗಿಟ್ಟದ್ದನ್ನು ಉಗುಳುವುದು ಅವಳಿಗೆ ಬರಲಿಲ್ಲ.

ಕೊನೆಗೆ ಧಣಿಗಳ ಕೆಂಪು ವೈನು, ಒಂಬತ್ತು ವರ್ಷಗಳದ್ದೂ, ಹೊಸದರಿಂದ ಹಳೆಯದಕ್ಕೆ. ಒಂದೊಂದು ವರ್ಷದ್ದೂ ರುಚಿ ನೋಡಲು ಒಂದು, ಕಪಾಟಿಗೆಂದು ಬಿರಡೆ ತೆಗೆಯದ್ದೊಂದು. ಒಂಬತ್ತನೆಯ ವರ್ಷದ್ದನ್ನು ಸುರಿದಾಗ ಪಂಡಿತರ ಮುಖ ಅರಳಿತು. ಎಲ್ಲಿಯೂ ಕೊಂಕಿಲ್ಲ, ಉಜ್ಜಿ ಹೊಳಪು ಕೊಟ್ಟಂತಿದೆ ಎಂದರು. ಎಂಟನೆಯದಕ್ಕೂ ಏಳನೆಯದಕ್ಕೂ ಅದೇ ಮಾತು. ಕಾಶವ್ವ ಬಾಯಲ್ಲಿ ಇಟ್ಟುಕೊಂಡು ಹುಡುಕಿದಳಂತೆ. ಏನೂ ಸಿಗಲಿಲ್ಲ. ಖಾಲಿ ಮನೆಗೆ ಸುಣ್ಣ ಬಳಿದ ಹಾಗಿತ್ತು. ತಾನೂ ಗಂಡನೂ ಮೂರು ವರ್ಷ ಎದುರುಬದುರು ಕೂತು, ಒಬ್ಬರ ಕಣ್ಣು ಒಬ್ಬರು ನೋಡದೆ, ಸರಿಯಾದ ಹೊತ್ತಿಗೆ ಹಾ ಹಾ ಎಂದದ್ದು ಅಷ್ಟು ಚೆಂದವಾಗಿ ಹದಗೊಂಡಿತ್ತು. ಆರನೆಯದರಲ್ಲಿ, ಐದನೆಯದರಲ್ಲಿ ನಗು ಸ್ವಲ್ಪ ತಡವರಿಸುತ್ತಿತ್ತು. ಅಂಕವೂ ಅಷ್ಟೇ ಕಡಿಮೆಯಾಯಿತು.

ನಾಲ್ಕನೆಯ ವರ್ಷದ್ದನ್ನು ಪಂಡಿತರು ಒಟ್ಟಿಗೇ ಬಾಯಿಗೆ ಹಾಕಿಕೊಂಡರು. ನನ್ನ ಮುಂದೆಯೂ ಪದ್ಧತಿಯಂತೆ ಒಂದು ಗುಟುಕು ಇಟ್ಟಿದ್ದರು, ಕುಡಿದೆ. ಮಗುವಿನ ನೆತ್ತಿಯ ಎಣ್ಣೆಯ ವಾಸನೆ, ಜ್ವರದ ಬಿಸಿ, ಆಮೇಲೆ ಇಬ್ಬರು ನಗುತ್ತಿರುವುದು, ನಗುತ್ತ ನಗುತ್ತ ಉಸಿರು ಕಟ್ಟುವುದು. ಆ ಸಭೆಯಲ್ಲಿ ಕುಡಿದವರಿಗೆಲ್ಲ ಅದು ಒಂದೇ ಸಲ ತಿಳಿಯಿತು. ಐದು ವರ್ಷ ತನ್ನ ಗಂಡನ ಮುಂದೆಯೂ ಬಿಚ್ಚದೆ ಇಟ್ಟದ್ದು ಪರರ ಬಾಯಲ್ಲಿ ಹೊರಳಾಡುತ್ತಿರುವುದನ್ನು ಕಾಶವ್ವ ನೋಡಿದಳು. ಅವರು ಒಬ್ಬೊಬ್ಬರಾಗಿ ಬಗ್ಗಿ ಅದನ್ನು ಪೀಕದಾನಿಗೆ ಉಗುಳಿದರು.

ಮೊದಲು ಬಾಯಿಬಿಟ್ಟವರು ಪದ್ಮಾಕರ ರಾಯರು. ಆಳ ಎಂದರು. ಎರಡನೆಯವರು ಗಾಂಭೀರ್ಯ ಎಂದರು. ಮೂರನೆಯವರು ಕಣ್ಣೊರೆಸಿಕೊಂಡು, ಇಂಥ ಒಗರನ್ನು ತಮ್ಮ ಜೀವಮಾನದಲ್ಲಿ ಕಂಡಿಲ್ಲವೆಂದರು. ಐವರೂ ಪೂರ್ಣ ಅಂಕ ಕೊಟ್ಟರು. ಧಣಿಗಳಿಗೆ ಅಕ್ಕಪಕ್ಕದವರು ಕೈ ಕುಲುಕಿದರು. ಉಳಿದ ಮೂರು ಬಾಟಲಿಗಳನ್ನು ಅವಸರದಲ್ಲಿ ಮುಗಿಸಿದರು. ಎಲ್ಲಕ್ಕಿಂತ ಹಳೆಯದನ್ನು, ಮೊದಲ ವರ್ಷದ್ದನ್ನು, ಒರಟು, ಗದ್ದಲ ಜಾಸ್ತಿ, ಈಗ ಮುಪ್ಪಾಗಿದೆ ಎಂದು ತಳ್ಳಿಬಿಟ್ಟರು. ಕಾಶವ್ವ ಅದನ್ನು ನಿಧಾನ ಕುಡಿದು, ಕಂಬದ ಕಡೆ ತಿರುಗಿ ಗಂಡನನ್ನು ನೋಡಿದಳು. ಇವನು ಹೀಗಿದ್ದ ಎಂಬುದೇ ತನಗೆ ಮರೆತುಹೋಗಿತ್ತು ಎಂದಳು ನನ್ನ ಮುಂದೆ, ಆಮೇಲೆ.

ಊರ ನಾಲಿಗೆಯ ಸರದಿ ಬಂತು. ಅವಳು ಎದ್ದು ಹೋಗಿ ನಾಲ್ಕನೆಯ ವರ್ಷದ ಬಿರಡೆ ತೆಗೆಯದ ಬಾಟಲಿಯನ್ನು ಎತ್ತಿ ಸೆರಗಿನಲ್ಲಿ ಇಟ್ಟುಕೊಂಡಳು. ಸಭೆಯಲ್ಲಿ ಗುಜುಗುಜು ಎದ್ದಿತು. ಆ ವರ್ಷದ್ದು ಅದೊಂದೇ ಉಳಿದಿತ್ತು, ಮಿಕ್ಕದ್ದೆಲ್ಲ ಧಣಿಗಳು ದೊಡ್ಡವರಿಗೆ ಉಡುಗೊರೆ ಕೊಟ್ಟಾಗಿತ್ತು. ಕಪಾಟಿನಲ್ಲಿ ಇಡಬೇಕಾದದ್ದು ಅದೇ. ಧಣಿಗಳು ತಾವೇ ಇಳಿದು ಬಂದರು. ಒಂಬತ್ತನೆಯ ವರ್ಷದ್ದು ಎರಡು ಒಯ್ಯಿ ಎಂದರು, ಹತ್ತು ಒಯ್ಯಿ ಎಂದರು. ಅವಳು ತಲೆಯಾಡಿಸಿದಳು. ಅದರಲ್ಲಿ ಅಂಥದ್ದೇನಿದೆ ಎಂದು ಕೇಳಿಬಿಟ್ಟರು, ಕೇಳಬಾರದಿತ್ತು.

"ನನ್ನ ಮಗಳದಾಳ್ರಿ ಇದರಾಗ," ಎಂದಳು ಕಾಶವ್ವ. "ನಿಮ್ಮ ಮನ್ಯಾಗ ನಕ್ಕೇವಿ. ಅಳೂದು ಹಂಗ ಉಳದೈತಿ."

ದನಿ ಎತ್ತರಿಸಿರಲಿಲ್ಲ. ಆದರೂ ಕೊನೆಯ ಸಾಲಿನವರೆಗೂ ಕೇಳಿಸಿತು. ನೆಂಟರು ಬಂದ ಮನೆಗಳವರೆಲ್ಲ ತಮ್ಮ ತಮ್ಮ ಗ್ಲಾಸಿನೊಳಗೆ ನೋಡತೊಡಗಿದರು. ಈರಸಂಗ ಜನರನ್ನು ಸರಿಸಿಕೊಂಡು ಮುಂದೆ ಬಂದು ಅವಳ ಪಕ್ಕ ನಿಂತ, ಧಣಿಗಳ ಮುಂದೆ ರುಮಾಲು ತೆಗೆಯದೆ. ಇಬ್ಬರೂ ಹೊರಗೆ ನಡೆದರು. ಆಗ ಪದ್ಮಾಕರ ರಾಯರು, ಸಭೆ ಹೀಗೆ ಮುಗಿಯಬಾರದೆಂದು, ನನ್ನ ಕಡೆ ಬಾಗಿ ಬರೆದುಕೊಳ್ಳಿ ಎಂದರು. "ಕೊನೆಯಲ್ಲಿ ಮಗಳ ಸುಳಿವು."

ಬರೆದುಕೊಂಡೆ. ಅಕ್ಷರಗಳು ದುಂಡಗೆ ಬಂದವು.

ಪಟ್ಟ ಧಣಿಗಳಿಗೇ ಸಿಕ್ಕಿತು. ಕಪಾಟಿನಲ್ಲಿ ಇಡಲು ಬಾಟಲಿ ಬೇಕಲ್ಲ. ಸೋಮನಿಂಗಪ್ಪ ಖಾಲಿ ಬಾಟಲಿಗೆ ಚಹಾದ ಡಿಕಾಕ್ಷನ್ನು ತುಂಬಿ, ಹೊಸ ಬಿರಡೆ ಬಡಿದು ತಂದಿಟ್ಟರು. ಬಣ್ಣ ಈಗಲೂ ಚೆನ್ನಾಗಿದೆ, ಶಾಲೆಯ ಮಕ್ಕಳನ್ನು ಕರೆತಂದು ತೋರಿಸುತ್ತಾರೆ.

ಮರುದಿನ ಮಧ್ಯಾಹ್ನ ನಾನು ಹಿತ್ತಿಲಲ್ಲಿ ಕೂತಿದ್ದೆ. ಆಚೆ ಬಿರಡೆ ತೆಗೆದ ಸದ್ದಾಯಿತು. ಬಹಳ ಹೊತ್ತಿನ ಮೇಲೆ ಈರಸಂಗ ಅತ್ತ. ಗಂಡಸು ಹಾಗೆ ಅಳುವುದನ್ನು ನಾನು ಕೇಳಿರಲಿಲ್ಲ. ಆಮೇಲೆ ಅವಳೂ ಅತ್ತಳು. ಎರಡು ದಿನ ಅದೇ ನಡೆಯಿತು. ಮೂರನೆಯ ದಿನ ಜಗಳ ಶುರುವಾಯಿತು. ಮಗು ಹೋದ ವರ್ಷ ಹದಿನೇಳನೆಯ ದಿನ ವಾಡೆಗೆ ವಾಪಸು ಹೋಗೋಣ ಎಂದವರು ಯಾರು ಎಂದು. ಬಾಳೆಗೊನೆ ಇಳಿಸಿಕೊಂಡವನು ನೀನು ಎಂದು ಅವಳು, ಒಗೆದ ಸೀರೆ ತೆಗೆದಿಟ್ಟವಳು ನೀನು ಎಂದು ಅವನು. ಒಂದು ತಟ್ಟೆ ಅಂಗಳಕ್ಕೆ ಹಾರಿ ಬಂತು. ಐದು ವರ್ಷದ ಮೇಲೆ ಆ ಮನೆಯಲ್ಲಿ ಮಾತು ಹುಟ್ಟಿತ್ತು, ನಿಲ್ಲುವ ಲಕ್ಷಣವಿರಲಿಲ್ಲ.

ಮುಂದಿನ ಹಿಂಡುವ ಕಾಲಕ್ಕೆ ಊರಿನ ರುಚಿ ಬದಲಾಗಿತ್ತು. ದೊಡ್ಡ ಮನೆಗಳಿಗೆ ಈಗ ನಗು ಸಾಲದು, ಆಳ ಬೇಕು. ಕಾರಭಾರಿಗಳು ಹಣ್ಣಿನ ಬುಟ್ಟಿ ಹೊರಿಸಿಕೊಂಡು ಯಾರ ಮನೆಯಲ್ಲಿ ಯಾರು ತೀರಿಕೊಂಡಿದ್ದಾರೆಂದು ವಿಚಾರಿಸುತ್ತ ತಿರುಗಿದರು. ವರ್ಷ ತುಂಬದ ಸಾವಿಗೆ ಹೆಚ್ಚು ಬೆಲೆ. ಒಬ್ಬ ವಿಧವೆಯನ್ನು ಎರಡು ಮನೆಯವರು ಕೇಳಿ, ಅವಳಿಗಾಗಿ ಕೋಲು ಹಿಡಿದರಂತೆ. ಕಾಶವ್ವನ ಮನೆಗೂ ಸೋಮನಿಂಗಪ್ಪ ಬಂದರು. ಈಗ ನಗಬೇಕಾದ್ದಿಲ್ಲ, ಹೇಗಿದ್ದೀರೋ ಹಾಗೇ ಬಂದು ಇದ್ದುಬಿಡಿ ಎಂದರು. ಹುಟ್ಟಿದಾಗಿನಿಂದ ಯಾರಿಗೂ ಇಲ್ಲವೆನ್ನದ ಈರಸಂಗ ಬಾಗಿಲಲ್ಲೇ ನಿಂತು ಉತ್ತರ ಕೊಟ್ಟ.

"ಪುರಸೊತ್ತಿಲ್ರಿ ನಮಗ. ಜಗಳಾಡಾಕತ್ತೇವಿ."

ಸುಣ್ಣ ಬಳಿದ ತೋಟದ ಮನೆಯೊಂದರಿಂದ ಅವನು ಒಂದು ಬುಟ್ಟಿ ದ್ರಾಕ್ಷಿ ತಂದಿದ್ದ, ಉದುರಿದ ಕಾಯಿ, ಒಡೆದ ಹಣ್ಣು. ತಮ್ಮ ಮನೆಯಲ್ಲೇ ಮೊದಲ ಸಲ ಹಿಂಡಿದರು. ಪೀಪಾಯಿ ಎಲ್ಲಿಂದ ಬರಬೇಕು, ನೀರಿನ ಮಡಕೆಗೇ ಹಾಕಿ ಬಾಯಿಗೆ ಬಟ್ಟೆ ಕಟ್ಟಿದರು. ಆ ನಲವತ್ತು ದಿನ ಊರೆಲ್ಲ ಪಿಸುಗುಟ್ಟುತ್ತಿದ್ದಾಗ ಅವರ ಮನೆಯಲ್ಲಿ ಮಾತ್ರ ದಿನಾ ರಂಪ. ಒಂದು ಸಂಜೆ ಏಣಿ ಜಾರಿ ಅವನು ಸುಣ್ಣದ ಬಕೆಟ್ಟಿನ ಮೇಲೆ ಕೂತುಬಿಟ್ಟನಂತೆ. ಅವಳು ನಕ್ಕದ್ದು ಮೂರು ಮನೆ ದಾಟಿ ಕೇಳಿಸಿತು. ಮರುದಿನ ಮತ್ತೆ ಬೈಗುಳ.

ಬೇಸಿಗೆ ನಡುವಿನಲ್ಲಿ ಒಂದು ದಿನ ಕಾಶವ್ವ ಹಿತ್ತಿಲ ಕಟ್ಟೆಯ ಮೇಲಿಂದ ಒಂದು ಕಪ್ಪು ಚಾಚಿದಳು. ಕುಡಿದೆ. ದವಡೆ ಹಿಡಿದುಕೊಳ್ಳುವಂಥ ಹುಳಿ, ಗಸಿ ಬೇರೆ. ಹೇಗಿದೆ ಎಂದಳು. ಆ ಹೊತ್ತಿಗೆ ನಾನು ಮಂಡಳಿಯ ಕೆಲಸ ಬಿಟ್ಟಾಗಿತ್ತು, ಚೆನ್ನಾಗಿಲ್ಲ ಎಂದೆ.

"ಇಲ್ಲ ಬಿಡ್ರಿ," ಎಂದಳು. "ಇದನ್ನೇನ್ ಬಾಟ್ಲಿ ತುಂಬಿ ಇಡೂದಿಲ್ಲ. ಕಾರಹುಣ್ಣಿಮಿ ಬರೂದ್ರಾಗ ಕುಡದ್ ಮುಗಸ್ತೇವಿ."

ಒಳಗಿನಿಂದ ಈರಸಂಗ ಚೊಂಬು ಎಲ್ಲಿಟ್ಟೆ ಎಂದು ಗದರಿದ. ಕಣ್ಣ ಮುಂದೇ ಇದೆ, ನೋಡು ಎಂದು ಅವಳು ಅಲ್ಲಿಂದಲೇ ಗದರಿದಳು. ನಾನು ಖಾಲಿ ಕಪ್ಪನ್ನು, ಇನ್ನಷ್ಟು ಹಾಕು ಎಂದು, ಮತ್ತೆ ಅವಳ ಮುಂದೆ ಹಿಡಿದೆ.